ನೀರು ಹೊದ್ದ ಕಾಮಕಸ್ತೂರಿ ಬೀಜ

ಲೋಕ ಇನ್ನೂ ಹಸಿ ಮಡಕೆಯ ಹಾಗಿದ್ದ ಕಾಲ, ಕೇಳು ಪುಟ್ಟೀ. ಸಮುದ್ರಕ್ಕೆ ಆಗಷ್ಟೇ ಉಪ್ಪು ಹತ್ತಿತ್ತು.

ಆ ಸಮುದ್ರದ ಅಂಚಿನಲ್ಲಿ ಬೊಮ್ಮಕ್ಕ ಉಪ್ಪು ಬೆಳೆಯುತ್ತಿದ್ದಳು. ಅವಳಿಗೆ ಉಪ್ಪಿನ ಮೇಲೆ ಎಲ್ಲಿಲ್ಲದ ನಂಬಿಕೆ. ಮಾವಿನಮಿಡಿ ಕೆಡಬಾರದೇ? ಉಪ್ಪಿಗೆ ಹಾಕು. ಮೀನು ಕೆಡಬಾರದೇ? ಉಪ್ಪಿಗೆ ಹಾಕು. ಒಂದು ವರ್ಷ ಕಾಮಕಸ್ತೂರಿ ಬೀಜಕ್ಕೆ ಹುಳ ಹಿಡಿಯದಿರಲಿ ಎಂದು ಅದನ್ನೂ ಉಪ್ಪಿಗೆ ಹಾಕಿಬಿಟ್ಟಳು, ಪುಣ್ಯಾತ್ಗಿತ್ತಿ!

ಮರುವರ್ಷ ಮಳೆ ಬರಲಿಲ್ಲ. ಗಿಡಗಳೆಲ್ಲ ಒಣಗಿದವು. ಅದೇ ಹೊತ್ತಿಗೆ ಅವಳ ಮಗಳು ಗೌರುವಿಗೆ ಸುಡುವ ಜ್ವರ ಬಂತು. ಆ ಜ್ವರಕ್ಕೆ ಕಾಮಕಸ್ತೂರಿ ಎಲೆಯ ರಸವೊಂದೇ ಮದ್ದು. ಬೊಮ್ಮಕ್ಕ ಭರಣಿಯಿಂದ ಬೀಜ ತೆಗೆದಳು. ತೊಳೆಯಲು ನೀರೆಲ್ಲಿ? ಹಾಗೇ ಬಿತ್ತಿ, ಉಳಿದಿದ್ದ ಒಂದು ಬೊಗಸೆ ಸಿಹಿನೀರು ಎರೆದಳು.

ಒಂದು ದಿನವಾಯಿತು, ಮೊಳಕೆ ಇಲ್ಲ. ಮೂರು ದಿನವಾಯಿತು, ಮೊಳಕೆ ಇಲ್ಲ.

"ಏಳಿ ಮಕ್ಕಳೇ, ನನ್ನ ಕೂಸು ಸುಡ್ತಾ ಇದೆ," ಎಂದಳು ಬೊಮ್ಮಕ್ಕ.

"ಹೇಗೆ ಏಳೋಣ ಅವ್ವಾ?" ಎಂದಿತು ಒಂದು ಬೀಜ. "ಮೈಗೆಲ್ಲ ಉಪ್ಪು ಮೆತ್ತಿದೆ. ನೀ ಕೊಟ್ಟ ನೀರನ್ನೆಲ್ಲ ಅದೇ ಹಿಡ್ಕೊಂಡಿದೆ."

"ಅಯ್ಯೋ, ಕಾಪಾಡೋಕೆ ಹೋಗಿ ನಾನೇ ಕೆಡಿಸಿದೆನಲ್ಲ!" ಬೊಮ್ಮಕ್ಕ ಬಿಕ್ಕಿ ಬಿಕ್ಕಿ ಅತ್ತಳು.

"ಅಳಬೇಡ ಅವ್ವಾ. ಕಣ್ಣೀರೂ ಉಪ್ಪೇ!"

ಬೆಳಗಿನ ಜಾವ ಇಬ್ಬನಿ ಇಳಿಯಿತು. "ನನ್ನಲ್ಲಿ ಉಪ್ಪಿಲ್ಲ. ಆದರೆ ಬಿಸಿಲು ಬಂದರೆ ನಾನೂ ಇಲ್ಲ. ಬೇಗ ಕುಡಿ," ಎಂದಿತು.

ಬೀಜ ಯೋಚಿಸಿತು. "ಕುಡಿಯೋದಿಲ್ಲ. ಮೊದಲು ಹೊದ್ಕೋತೀನಿ."

ಹೊದ್ದೇಬಿಟ್ಟಿತು! ಎಳ್ಳಿಗಿಂತ ಸಣ್ಣ ಬೀಜ, ಅದರ ಸುತ್ತ ತಿಳಿನೀರಿನ ಕಂಬಳಿ. ಗಾಳಿ ಬಂದು ಎಳೆಯಿತು, ಜಾರಲಿಲ್ಲ. ಬಿಸಿಲು ಬಂದು ಸುಟ್ಟಿತು, ಆರಲಿಲ್ಲ. ಉಪ್ಪು ಹೊರಗೇ ಉಳಿಯಿತು. ಅಷ್ಟು ದೊಡ್ಡ ಸಮುದ್ರ ತೆರೆ ನಿಲ್ಲಿಸಿ ಇಷ್ಟು ಸಣ್ಣ ಬೀಜವನ್ನು ನೋಡಿತು. ಬೊಮ್ಮಕ್ಕ ಮಣ್ಣಿನ ಹತ್ತಿರಕ್ಕೆ ಬಗ್ಗಿ ನೋಡಿದಳು. ಕಂಬಳಿಯೊಳಗಿಂದ ಬಿಳಿ ಬೇರೊಂದು ಮೆಲ್ಲಗೆ ಹೊರಬಂತು.

ಆಮೇಲೆ ಎರಡೆಲೆ, ನಾಲ್ಕೆಲೆ. ಎಲೆಯ ರಸ ಗೌರುವಿನ ನಾಲಿಗೆಗೆ ಬಿತ್ತು. ಅವಳು ಕಣ್ಣು ಬಿಟ್ಟು, "ಅವ್ವಾ, ಗಂಜಿ ಕೊಡು. ಉಪ್ಪು ಸ್ವಲ್ಪ ಸಾಕು," ಎಂದಳು. ಬೊಮ್ಮಕ್ಕ ಅಳುತ್ತಲೇ ನಕ್ಕಳು.

ಈಗ ನಿನ್ನ ಶರಬತ್ತಿನ ಲೋಟ ನೋಡು ಪುಟ್ಟೀ. ಪ್ರತಿ ಕರಿ ಬೀಜದ ಸುತ್ತ ಆ ಕಂಬಳಿ ಇದೆಯಲ್ಲ? ಎಲ್ಲೋ ಒಂದು ಮಗು ಮದ್ದಿಗೆ ಕಾಯುತ್ತಿದೆ ಎಂದು ಅದು ಇವತ್ತಿಗೂ ನೀರನ್ನು ಬಿಗಿಯಾಗಿ ಹಿಡಿದುಕೊಂಡೇ ಇದೆ.