ಕಂಬಳಿ ಹೊದ್ದ ಹಾರಕ

ಬಲು ಹಿಂದೆ, ವರ್ಷಗಳಿಗೆ ಲೆಕ್ಕವಿಲ್ಲದೆ ಮಳೆಗಳಿಗೆ ಮಾತ್ರ ಹೆಸರಿದ್ದ ಕಾಲದಲ್ಲಿ, ಬಂಡೆಗಳ ನಡುವೆ ಒಂದು ಊರಿತ್ತಂತೆ. ಭತ್ತಕ್ಕೆ ನೀರು ಸಾಲದ ಊರು. ಜನ ಹಾರಕ ಬೆಳೆದು ಹಾರಕ ಉಣ್ಣುತ್ತಿದ್ದರು. ಹಾರಕ ನೋಡಲು ಹುಲ್ಲು, ಕುಟ್ಟಿದರೆ ಅನ್ನ. ಆ ಊರಲ್ಲಿ ಓಬಕ್ಕ ಇದ್ದಳು.

ಓಬಕ್ಕನ ಬಗ್ಗೆ ಜನ ಬಹಳ ಹೇಳುತ್ತಾರೆ. ಕಣ್ಣು ಮುಚ್ಚಿ ಬರಿಗಾಲಲ್ಲಿ ನಡೆದು ಅರವತ್ತು ಬಗೆ ಹುಲ್ಲಿನ ಹೆಸರು ಹೇಳುತ್ತಿದ್ದಳು ಅಂತಾರೆ. ಅವಳು ಬಂದು ನೋಡುವ ತನಕ ಎತ್ತುಗಳು ಹೊಸ ಮೇವಿಗೆ ಬಾಯಿ ಹಾಕುತ್ತಿರಲಿಲ್ಲ ಅಂತಾರೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಇಷ್ಟಂತೂ ನಿಜ: ಅವಳ ಸೂರಿನಡಿ ಸೋರೆಬುರುಡೆಗಳು ಸಾಲಾಗಿ ತೂಗುತ್ತಿದ್ದವು. ಒಂದೊಂದರಲ್ಲಿ ಒಂದೊಂದು ಹುಲ್ಲಿನ ಬೀಜ. ಯಾವ ಮಳೆಗೆ ಬಿತ್ತಿದ್ದು, ಯಾವ ಮಳೆಗೆ ಕೊಯ್ದದ್ದು ಎಂಬುದಕ್ಕೆ ದಾರದಲ್ಲಿ ಗಂಟುಗಳು. ಕೇಳಿದ್ದಕ್ಕೆಲ್ಲ ಅವಳು ಮೊದಲು ಗೊತ್ತಿಲ್ಲ ಅನ್ನುತ್ತಿದ್ದಳು. ಆಮೇಲೆ ನೋಡೋಣ ಅನ್ನುತ್ತಿದ್ದಳು.

ಅದೇ ಊರಿನ ಚಿತ್ತಯ್ಯನ ಮನೆಗೆ ದೇವೀರಿ ಸೊಸೆಯಾಗಿ ಬಂದಳು. ಬಂದ ವರ್ಷವೇ ಹೊಸತಿನ ಅಡುಗೆ ಅವಳ ಪಾಲಿಗೆ ಬಂತು. ಅಲ್ಲಿನ ಪದ್ಧತಿ ಹಾಗೆ. ಮೊದಲು ಕೊಯ್ದ ಹಾರಕದ ಕಟ್ಟುಗಳನ್ನು ಅಂಗಳಕ್ಕೆ ತಂದು, ಕಂಡವರ ಕಣ್ಣು ಬೀಳದಂತೆ ಕರಿ ಕಂಬಳಿ ಹೊದಿಸಿ, ಮೂರು ದಿನ ಇಡಬೇಕು. ನಾಲ್ಕನೆಯ ದಿನ ಮನೆಯ ಕಿರಿಯ ಸೊಸೆ ಅದನ್ನು ಬಡಿದು, ಕುಟ್ಟಿ, ಅಟ್ಟು, ಎಲ್ಲರಿಗೂ ಬಡಿಸಬೇಕು. ತಾನು ಕೊನೆಗೆ ಉಣ್ಣಬೇಕು.

ಆ ಸಲ ಕೊಯ್ಲಿನ ದಿನವೇ ವಿಶಾಖೆ ಮಳೆ ಹಿಡಿಯಿತು. ಕಟ್ಟು ತೊಯ್ದರೂ ಪದ್ಧತಿ ಬಿಡಲಿಲ್ಲ. ನಾಲ್ಕನೆಯ ದಿನ ದೇವೀರಿ ಅದರಲ್ಲಿ ಒಂದೆರಡು ಕಟ್ಟು ಬಡಿದು, ಕುಟ್ಟಿ, ಅಟ್ಟಳು. ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಅವಳ ಸರದಿ ಬರುವಾಗ ಮಡಕೆ ಬರಿದಾಗಿತ್ತು.

ಕೈ ತೊಳೆಯಲು ಎದ್ದ ಚಿತ್ತಯ್ಯ ತಲೆ ತಿರುಗಿ ಕಂಬವನ್ನು ಅಪ್ಪಿಕೊಂಡ. ಅತ್ತೆ ಕಾಟಮ್ಮ ಕೂತಲ್ಲೇ ವಾಂತಿ ಮಾಡಿಕೊಂಡಳು. ಗಂಡ ನಡುಗುತ್ತ ಮಲಗಿದವನು ಮರುದಿನ ಸಂಜೆಗೆ ಎದ್ದ. ಯಾರ ಜೀವಕ್ಕೂ ಏನೂ ಆಗಲಿಲ್ಲ. ಆದರೆ ಆ ಮನೆಯಲ್ಲಿ ನೆಟ್ಟಗೆ ನಿಂತಿದ್ದವಳು ದೇವೀರಿ ಒಬ್ಬಳೇ. ಉಣ್ಣದವಳೂ ಅವಳೇ.

ಇನ್ನೇನು ಬೇಕು? ಅವಳ ಕೈಯಲ್ಲಿ ನಂಜಿದೆ ಅಂದರು. ಸೋಮವಾರ ಬಂದು ಮಗಳನ್ನು ಕರೆದುಕೊಂಡು ಹೋಗು ಎಂದು ಅವಳ ಅಪ್ಪನಿಗೆ ಹೇಳಿ ಕಳಿಸಿದರು. ಹಾಗೆ ತವರಿಗೆ ಹೋದವರು ಆ ಕಾಲದಲ್ಲಿ ತಿರುಗಿ ಬರುತ್ತಿರಲಿಲ್ಲ. ದೇವೀರಿ ಸೆರಗಿನೊಳಗೆ ಕೈ ಮುಚ್ಚಿಕೊಂಡು ಹಿತ್ತಲಲ್ಲಿ ಕೂತಳು. ಕರು ಮೂಸಲು ಬಂದರೆ ಮೊಣಕೈಯಿಂದ ದೂಡುತ್ತಿದ್ದಳು. ಎಲ್ಲರೂ ಅಂದದ್ದನ್ನು ಅವಳೂ ನಂಬತೊಡಗಿದ್ದಳು.

ಓಬಕ್ಕ ಬಂದಳು. ಸಮಾಧಾನ ಹೇಳಲಿಲ್ಲ. ಯಾವ ಹೊಲದ ಹಾರಕ, ಯಾವತ್ತು ಕೊಯ್ದದ್ದು, ಉಳಿದ ಕಟ್ಟು ಎಲ್ಲಿ ಎಂದು ಕೇಳಿದಳು. ಅಂಗಳಕ್ಕೆ ತರದೆ ಉಳಿದವು ಹೊಲದ ಬಂಡೆಯ ಮೇಲೆ ಹರಡಿವೆ, ಅವೂ ಅದೇ ಮಳೆಗೆ ನೆನೆದವು, ಗಾಳಿ ಬಿಸಿಲಿಗೆ ಒಣಗಿದವು ಎಂದು ದೇವೀರಿ ಹೇಳಿದಳು. ಕಂಬಳಿ ಎತ್ತಿದಾಗ ಹೇಗಿತ್ತು ಎಂದು ಓಬಕ್ಕ ಕೇಳಿದಳು.

"ಬೆಚ್ಚಗಿತ್ತಕ್ಕ. ಎಮ್ಮೆ ಮೈ ಮುಟ್ಟಿದಂಗೆ."

"ಇದನ್ನ ಯಾರಿಗಾದ್ರೂ ಹೇಳಿದ್ದಾ?"

"ಯಾರೂ ಕೇಳ್ಲಿಲ್ಲ." ದೇವೀರಿ ತಡೆದು ಅಂದಳು, "ಅಕ್ಕ, ನನ್ನ ಕೈಯಲ್ಲೇ ಏನಾದ್ರೂ ಇದ್ರೆ?"

"ಇದ್ರೆ ಗೊತ್ತಾಗ್ತದೆ ಕಣವ್ವ. ನೋಡದೆ ಇಲ್ಲ ಅಂದ್ರೆ ನಾನೂ ಅವರಂಗೇ ಆದೆ."

ಸೋಮವಾರ ಬೆಳಿಗ್ಗೆ ಓಬಕ್ಕ ತನ್ನ ಆರು ಕೋಳಿ, ಎರಡು ಮಂಕರಿ ಬುಟ್ಟಿ ಹೊತ್ತು ಚಿತ್ತಯ್ಯನ ಅಂಗಳಕ್ಕೆ ಬಂದಳು. ಕೋಳಿ ಪಂಚಾಯ್ತಿ ಬಂತು ಎಂದು ಕಾಟಮ್ಮ ಕೊಂಕು ನುಡಿದಳು. ಓಬಕ್ಕ ಕೇಳಿದ್ದು ಎರಡೇ. ಕಂಬಳಿಯಡಿಯದರಲ್ಲಿ ಮಿಕ್ಕಿದ್ದನ್ನು ಅತ್ತೆ ಕುಟ್ಟಿ ಅಡಬೇಕು. ಬಂಡೆಯ ಮೇಲಿನದನ್ನು ಸೊಸೆ ಕುಟ್ಟಿ ಅಡಬೇಕು. ಒಲೆ ಒಂದೇ, ನೀರು ಒಂದೇ.

ಕಾಟಮ್ಮ ಖುಷಿಯಾಗಿಯೇ ಒಪ್ಪಿದಳು. ತನ್ನ ಅಡುಗೆ ಉಂಡು ಈವರೆಗೆ ಒಂದು ಇಲಿಯೂ ನರಳಿಲ್ಲ ಅಂದಳು.

ಅತ್ತೆಯ ಅನ್ನ ತಿಂದ ಮೂರು ಕೋಳಿಗಳ ಕಾಲಿಗೆ ಓಬಕ್ಕ ಕೆಂಪು ದಾರ ಕಟ್ಟಿದಳು. ಸೊಸೆಯ ಅನ್ನ ತಿಂದ ಮೂರಕ್ಕೆ ಬಿಳಿ ದಾರ. ಎರಡು ಗುಂಪಿನ ಮೇಲೂ ಮಂಕರಿ ಕವುಚಿ ನೆರಳಲ್ಲಿ ಕೂತಳು. ಊರೂ ಕೂತಿತು. ದೇವೀರಿ ಗೋಡೆಗೆ ಮುಖ ಮಾಡಿ ನಿಂತಳು. ಬಿಸಿಲು ನೆತ್ತಿಗೆ ಬಂದಾಗ ಓಬಕ್ಕ ಮಂಕರಿ ಎತ್ತಿದಳು.

ಬಿಳಿ ದಾರದವು ಸೀದಾ ತಿಪ್ಪೆಗೆ ಹೋಗಿ ಕೆದಕತೊಡಗಿದವು. ಕೆಂಪು ದಾರದ ಒಂದು ಹೇಂಟೆ ಕೂತಲ್ಲೇ ತೂಕಡಿಸಿತು. ಇನ್ನೊಂದು ಓರೆಯಾಗಿ ನಡೆದು ಚಿತ್ತಯ್ಯನ ಕಾಲಿಗೆ ಗುದ್ದಿತು. ಹುಂಜ ಕತ್ತೆತ್ತಿ ಕೂಗಲು ಹೋಗಿ ಮಗುಚಿ ಬಿತ್ತು.

ಹಿಂದಿನಿಂದ ಯಾರೋ ಅಂದರು, "ಕಾಟಮ್ಮ, ನಿನ್ನ ತವರಿಗೂ ಹೇಳಿ ಕಳಿಸೋಣ್ವಾ?"

ಮೊದಲು ನಕ್ಕವನು ಚಿತ್ತಯ್ಯ. ಆಮೇಲೆ ಊರು ನಕ್ಕಿತು. ಕಾಟಮ್ಮ ಗೋಡೆಯ ಮೇಲೆ ಒಣಗುತ್ತಿದ್ದ ಕಂಬಳಿಯನ್ನೇ ಬಹಳ ಹೊತ್ತು ನೋಡಿದಳು. ನಗು ಕೇಳಿ ದೇವೀರಿ ತಿರುಗಿದಳು. ಕೋಳಿಗಳನ್ನು ಕಂಡಳು. ಸೆರಗಿನಿಂದ ಕೈ ತೆಗೆದು ಬೆಳಕಿಗೆ ಹಿಡಿದಳು. ಬೆರಳಿಗೆ ಎರಡು ಅಗುಳು ಅಂಟಿದ್ದವು. ಅವನ್ನು ಬಾಯಿಗೆ ಹಾಕಿಕೊಂಡಳು.

ಕಾಟಮ್ಮ ಸೊಸೆ ಅಟ್ಟ ಮಡಕೆಯನ್ನು ತಾನೇ ಹೊರಗೆ ತಂದಳು. ಒಂದು ತಟ್ಟೆಗೆ ಬಡಿಸಿ ದೇವೀರಿಯ ಮುಂದಿಟ್ಟಳು. "ಮೊದ್ಲು ನೀನು ಉಣ್ಣು. ಅವತ್ತೂ ಉಂಡಿಲ್ಲ ನೀನು." ಆಮೇಲೆ ಅದೇ ಮಡಕೆಯಿಂದ ತಾನೂ ಉಂಡಳು.

ಸಂಜೆ ದೇವೀರಿಯ ಅಪ್ಪ ಬಂಡಿ ಹೂಡಿಕೊಂಡು ಬಂದ. ಅವನಿಗೂ ಬಡಿಸಿದರು. ಬಂಡಿ ಬರಿದಾಗಿಯೇ ಹೋಯಿತು.

ಓಬಕ್ಕ ಮಾತ್ರ ಮರುದಿನ ಮತ್ತೆ ಬಂದಳು. ಕೋಳಿಗಳು ಚೇತರಿಸಿಕೊಂಡಿದ್ದವು. ಒಂದು ಸಲ ಆದದ್ದು ಅಕಸ್ಮಾತ್ ಆಗಿರಲೂಬಹುದು ಎಂದು ಅಡುಗೆಯವರನ್ನು ಅದಲುಬದಲು ಮಾಡಿಸಿ, ಬೇರೆ ಕೋಳಿಗಳಿಗೆ ಇಟ್ಟು ನೋಡಿದಳು. ಈ ಸಲ ತೂರಾಡಿದ್ದು ಸೊಸೆ ಅಟ್ಟ ಕಂಬಳಿಯಡಿಯ ಹಾರಕ ತಿಂದವು. ಮುಂದಿನ ವರ್ಷ ಒಣ ಕಟ್ಟಿಗೆ ಕಂಬಳಿ ಹೊದಿಸಿ ನೋಡಿದಳು. ಏನೂ ಆಗಲಿಲ್ಲ. ತಪ್ಪು ಕಂಬಳಿಯದಲ್ಲ, ಮಳೆಯದಲ್ಲ, ತೊಯ್ದದ್ದನ್ನು ಮುಚ್ಚಿಟ್ಟದ್ದು ಎಂದು ದಾರಕ್ಕೆ ಗಂಟು ಹಾಕಿದಳು ಅಂತಾರೆ. ಬೀಜದ ಬುರುಡೆಗಳನ್ನು ನೋಡಿಕೊಳ್ಳಲು ಅವಳ ನಂತರ ಕೂತವಳು ದೇವೀರಿಯೇ ಅಂತಾರೆ.

ಇಂದಿಗೂ ಆ ಬಂಡೆಗಳ ಸೀಮೆಯಲ್ಲಿ ಹೊಸ ಹಾರಕವನ್ನು ಮುಚ್ಚುವುದಿಲ್ಲ. ಕಂಡವರ ಕಣ್ಣು ಬಿದ್ದರೆ ಬೀಳಲಿ ಎಂದು ಬಂಡೆಯ ಮೇಲೆ ಹರಡುತ್ತಾರೆ. ಹೊಸತಿನ ದಿನ ಅತ್ತೆ ಅಡುತ್ತಾಳೆ, ಸೊಸೆ ಮೊದಲು ಉಣ್ಣುತ್ತಾಳೆ. ಅದಕ್ಕೂ ಮುಂಚೆ ಒಂದು ಹಿಡಿ ಅನ್ನ ಕೋಳಿಗಳಿಗೆ. ಬಿಸಿಲು ನೆತ್ತಿಗೆ ಬರುವ ತನಕ ಮನೆಯವರೆಲ್ಲ ಹಸಿದು ಜಗಲಿಯಲ್ಲಿ ಕೂತಿರುತ್ತಾರೆ. ಕೋಳಿ ನೆಟ್ಟಗೆ ನಡೆದು ತಿಪ್ಪೆ ಸೇರಿದರೆ ಯಾರಾದರೊಬ್ಬರು ಹೇಳುತ್ತಾರೆ: "ಓಬಕ್ಕ ನೋಡಿದ್ಲು. ಇನ್ನು ಬಡಿಸ್ರವ್ವ."