ಮೂಲೆಯ ಕಲೆ

“ಗುರುಗಳೇ, ಕಲಿಯುವವರ ಕೆಲಸದಲ್ಲಿ ತಪ್ಪು ಕಂಡರೆ ಕೂಡಲೇ ತಿದ್ದಬೇಕೋ, ಸುಮ್ಮನಿರಬೇಕೋ?” ಎಂದು ಶಿಷ್ಯೆ ಕೇಳಿದಳು. ಮರುದಿನದಿಂದ ಅವಳೇ ನಾಲ್ಕು ಜನಕ್ಕೆ ಪಾಠ ಹೇಳಬೇಕಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಕರಕುಶಲ ಕಲೆ ಕಲಿಸುವ ಶಿಕ್ಷಕಿಯೊಬ್ಬಳಿದ್ದಳು. ಮಹಿಳಾ ಸಮಾಜದ ಹೆಂಗಸರನ್ನು ಕೂಡಿಸಿಕೊಂಡು ಕೈಯಿಂದಲೇ ಕಾರ್ಡು ಮಾಡಿಸುತ್ತಿದ್ದಳು. ಅವಳ ಪೆಟ್ಟಿಗೆಯಲ್ಲಿ ತರಹೇವಾರಿ ಪಂಚ್‌ಗಳಿದ್ದವು. ಕಾಗದ ತೂರಿಸಿ ಒತ್ತಿದರೆ ಒಂದರಿಂದ ಹೂವು ಉದುರುತ್ತಿತ್ತು, ಒಂದರಿಂದ ಚಿಟ್ಟೆ. ಇನ್ನೊಂದು ಪಂಚ್ ಕಾರ್ಡಿನ ಮೂಲೆಯನ್ನು ಬಳ್ಳಿಯ ಅಂಚಿನಂತೆ ಕತ್ತರಿಸುತ್ತಿತ್ತು. ಶಿಕ್ಷಕಿ ಒಳ್ಳೆಯವಳೇ. ಆದರೆ ಕೈ ಸುಮ್ಮನಿರದು. ಯಾರ ಕಾರ್ಡಿನಲ್ಲಿ ಹೂವು ಸೊಟ್ಟಗಾದರೂ ತನ್ನ ಮನೆಯ ಗೋಡೆಯೇ ವಾಲಿದಷ್ಟು ಸಂಕಟ ಅವಳಿಗೆ.

ಆ ಗುಂಪಿನಲ್ಲಿ ಒಬ್ಬ ಹೆಂಗಸಿದ್ದಳು. ಯಾವುದೋ ನಾಮಕರಣದಲ್ಲಿ ಬಾಯಿ ತಪ್ಪಿ ಬಂದ ಒಂದು ಮಾತಿಗೆ ಅವಳೂ ಅವಳ ಅಕ್ಕನೂ ಮಾತು ಬಿಟ್ಟು ವರ್ಷಗಳಾಗಿದ್ದವು. ಈಗ ಮಗಳ ಮದುವೆ ಗೊತ್ತಾಗಿತ್ತು. ಅಚ್ಚು ಹಾಕಿಸಿದ ಲಗ್ನಪತ್ರಿಕೆಗೆ ಅಕ್ಕ ಬರುವವಳಲ್ಲ, ತಂಗಿ ಕೂತು ಮಾಡಿದ್ದನ್ನು ಕಂಡರೆ ಕರಗಿಯಾಳು ಎಂಬ ಆಸೆ. ಹೂವು ಅಂಟಿಸಿ ಒಳಗೆ ಬರೆದಳು: ‘ಅಕ್ಕಾ, ಮಗಳಿಗೆ ಮೊದಲು ಅರಿಶಿನ ಹಚ್ಚಬೇಕಾದವಳು ನೀನು. ನೀನು ಬಾರದೆ ನಾನು ಅರಿಶಿನದ ಬಟ್ಟಲು ಮುಟ್ಟುವುದಿಲ್ಲ.’ ಲಕೋಟೆಯ ಮೇಲೆ ವಿಳಾಸ ಬರೆದಿಟ್ಟಳು. ಮೂಲೆಯನ್ನು ಮಾತ್ರ ಕತ್ತರಿಸದೆ ಬಿಟ್ಟು, ಕೈ ತೊಳೆಯಲು ಹೊರಗೆ ಹೋದಳು.

ಶಿಕ್ಷಕಿ ಕಾರ್ಡುಗಳನ್ನು ಒಟ್ಟುಮಾಡುತ್ತ ಬಂದಳು. ಈ ಒಂದರ ಮೂಲೆ ಮಾತ್ರ ಹಾಗೇ ಇತ್ತು. ಸಾಲದ್ದಕ್ಕೆ ಅಲ್ಲೊಂದು ಹಳದಿ ಗುರುತು. ಕಲೆ ಕಲಿಸುವವಳ ಕಣ್ಣಿಗೆ ಕಲೆ ಬೀಳದಿರುತ್ತದೆಯೇ! ಮಧ್ಯಾಹ್ನ ಉಂಡ ಸಾರು ತಗಲಿರಬೇಕು ಎಂದುಕೊಂಡು ಮೂಲೆಗೆ ಪಂಚ್ ಇಟ್ಟು ಒತ್ತಿದಳು. ಕಲೆ ಹೋಯಿತು, ಕಾರ್ಡು ಚೆಂದವಾಯಿತು. ಲಕೋಟೆಗೆ ಹಾಕಿ, ಅಂಟಿಸಿ, ಉಳಿದವುಗಳ ಜೊತೆ ಅಂಚೆಗೆ ಕಳಿಸಿದಳು.

ಅಕ್ಕತಂಗಿಯರ ಕಡೆ ಹಳಬರ ರೂಢಿಯೊಂದಿತ್ತು. ಸಾವಿನ ಸುದ್ದಿಯ ಕಾಗದವನ್ನು ಮೂಲೆ ಕತ್ತರಿಸಿ ಕಳಿಸುತ್ತಿದ್ದರು. ಅಕ್ಕ ಲಕೋಟೆ ಒಡೆದಳು, ಮೊದಲು ಮೂಲೆಯೇ ಕಾಣಿಸಿತು. ಬಿಡಿಸಿ ಓದುವಷ್ಟು ಧೈರ್ಯ ಅವಳಿಗಿರಲಿಲ್ಲ. ತಂಗಿಯ ಮನೆಯಲ್ಲಿ ಯಾರು ಹೋದರೋ ಎಂದು ಎದೆ ಬಡಿದುಕೊಂಡು ಸಿಕ್ಕಿದ ಬಸ್ಸು ಹತ್ತಿದಳು.

ಬಂದು ನೋಡಿದರೆ ಅಂಗಳದಲ್ಲಿ ಹಪ್ಪಳ ಒಣಗುತ್ತಿತ್ತು. ಮದುವೆಯ ಹೆಣ್ಣು ಕಾಗೆ ಓಡಿಸುತ್ತ ಕೂತಿದ್ದಳು. ಅಳುತ್ತಿದ್ದ ಅಕ್ಕ ಕೆಂಡವಾದಳು.

“ನನ್ನನ್ನ ಕರೆಸೋಕೆ ಸಾವಿನ ಕಾಗದ ಹಾಕಿದ್ಯೇನೇ?” ಎಂದವಳೇ, ಕೊಟ್ಟ ನೀರನ್ನೂ ಮುಟ್ಟದೆ ಹೊರಟುಹೋದಳು.

ತಂಗಿಗೆ ಆಕಾಶವೇ ಕಳಚಿ ಬಿದ್ದಂತಾಯಿತು. ಶಿಕ್ಷಕಿಯ ಬಳಿ ಬಂದು ಬೈಯಲಿಲ್ಲ, ಕೂತು ಅತ್ತಳು. ಶುಭದ ಕಾಗದವೆಂದು ಮೂಲೆಗೆ ತಾನೇ ಅರಿಶಿನ ಹಚ್ಚಿದ್ದಾಗಿ ಹೇಳಿದಳು. ಕತ್ತರಿಸದೆ ಬಿಟ್ಟದ್ದೂ ಅದಕ್ಕೇ. ಶಿಕ್ಷಕಿಗೆ ತನ್ನ ಕೈಯನ್ನು ಎಲ್ಲಿ ಅಡಗಿಸಲಿ ಎನ್ನಿಸಿತು.

ಅವಳು ಅಕ್ಕನ ಊರಿಗೆ ತಾನೇ ಹೋದಳು. “ಮೂಲೆ ಕತ್ತರಿಸಿದ್ದು ನಾನು, ನಿಮ್ಮ ತಂಗಿಯಲ್ಲ” ಎಂದು ಒಪ್ಪಿಕೊಂಡಳು.

“ಕತ್ತರಿಸೋಕೆ ಮುಂಚೆ ಅವಳನ್ನ ಒಂದು ಮಾತು ಕೇಳಬಾರದಿತ್ತೇನಮ್ಮಾ?” ಎಂದಳು ಅಕ್ಕ.

ಶಿಕ್ಷಕಿ ತಲೆ ತಗ್ಗಿಸಿದಳು. ಅಕ್ಕ ಅಂದು ಮಡಿಸಿದಂತೆಯೇ ಬಿಸಾಡಿದ್ದ ಕಾರ್ಡನ್ನು ಹುಡುಕಿ ತಂದು, ಬಿಡಿಸಿ, ಓದಿದಳು.

“ಅವಳ ಬಾಗಿಲ ತನಕ ಹೋಗಿ ನಾನೂ ಕೇಳಲಿಲ್ಲ” ಎಂದಳು.

ಮದುವೆಯಲ್ಲಿ ಅರಿಶಿನದ ಬಟ್ಟಲನ್ನು ಮೊದಲು ಹಿಡಿದವಳು ಅವಳೇ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯೆಯ ಮುಖ ಅರಳಿತು. “ತಿಳಿಯಿತು ಗುರುಗಳೇ. ಕಲೆ ಕಂಡರೆ ಮೊದಲು ಕೇಳಬೇಕು, ಆಮೇಲೆ ಕತ್ತರಿಸಬೇಕು.”

ಗುರುಗಳು ಅವಳನ್ನೇ ನೋಡಿ ಕೇಳಿದರು:

“ಕೇಳಿದ ಮೇಲೂ ಅದು ಕಲೆಯಾಗಿಯೇ ಉಳಿಯುತ್ತಿತ್ತೇ, ಮಗಳೇ?”