ಡಬ್ಬಿಯೊಳಗಿನ ಗಿಲಕಿ

ಚನ್ನಪಟ್ಟಣದಲ್ಲಿ ಒಬ್ಬ ಮಗ, ಅವನಿಗೊಬ್ಬಳು ತಾಯಿ. ಮಗ ಮರಿಸಿದ್ದ. ವಯಸ್ಸು ಇಪ್ಪತ್ತಾರು. ಹೇಳಿದ್ದನ್ನು ಹೇಳಿದಷ್ಟೇ ಮಾಡುವವನು, ಕೂದಲೆಳೆಯಷ್ಟೂ ಆಚೀಚೆ ಇಲ್ಲ. ತಾಯಿ ಪುಟ್ಟಚೆನ್ನಮ್ಮ. ಅದೇ ಕಾರಣಕ್ಕೆ ಹಣೆ ಚಚ್ಚಿಕೊಂಡು ಚಚ್ಚಿಕೊಂಡು ಸವೆಸಿಕೊಂಡವಳು.

ಬೊಂಬೆ ಕಾರ್ಖಾನೆಯಲ್ಲಿ ಅವಳದು ಮೂವತ್ತು ವರ್ಷದ ಕೆಲಸ. ಅವಳು ಕಡೆದ ಬೊಂಬೆಗಳು ಯಾವ್ಯಾವ ದೇಶಕ್ಕೋ ಹೋದವು. ಹೋದವು ಅಷ್ಟೆ, ಒಂದೂ ತಿರುಗಿ ಮುಖ ತೋರಿಸಲಿಲ್ಲ. ಈಗ ನೋಡಿ, ‘ತಾವರೆಯ ತೊಟ್ಟಿಲು’ ಧಾರಾವಾಹಿಯವರು ಬಂದು ಅವಳು ಅರಗು ಹಚ್ಚಿದ ಕೆಂಪು ಗಿಲಕಿಯನ್ನೇ ಆರಿಸಿ ಒಯ್ದಿದ್ದರು. ಕಥಾನಾಯಕಿ ತಾವರೆಯ ಮಗುವಿನ ನಾಮಕರಣಕ್ಕೆ ಅದೇ ಗಿಲಕಿ! ನಾಮಕರಣ ಈ ವಾರವೇ, ಯಾವ ದಿನವೋ ಗೊತ್ತಿಲ್ಲ. ಧಾರಾವಾಹಿ ಏಳಕ್ಕೆ, ಅವಳ ಕೆಲಸ ಮುಗಿಯುವುದು ಎಂಟಕ್ಕೆ. ಮನೆಯಲ್ಲಿ ಟೀವಿ ರೆಕಾರ್ಡ್ ಮಾಡುವ ಡಬ್ಬಿಯೇನೋ ಇದೆ. ಡಬ್ಬಿಯ ಪಕ್ಕ ಮರಿಸಿದ್ದನೂ ಇದ್ದಾನೆ. ಭಯ ಇರುವುದೇ ಅಲ್ಲಿ.

ಸೋಮವಾರ ಹೇಳಿ ಹೋದಳು: “ಏಳಕ್ಕೆ ಹನ್ನೆರಡನೇ ಚಾನೆಲ್ ಹಾಕಿ ರೆಕಾರ್ಡ್ ಒತ್ತು. ಏನೇ ಆಗ್ಲಿ, ಆ ಚಾನೆಲ್ ಬಿಟ್ಟು ಕದಲಬೇಡ.”

ಮರಿಸಿದ್ದ ಕದಲಲಿಲ್ಲ. ಏಳೂ ಕಾಲಿಗೆ ಹನ್ನೆರಡರಲ್ಲಿ ಕಬಡ್ಡಿ ಶುರುವಾಯಿತು. ಧಾರಾವಾಹಿಯ ಉಳಿದ ಭಾಗ ಹದಿನೈದನೇ ಚಾನೆಲ್ಲಿನಲ್ಲಿ ಬರುತ್ತದೆ, ಈ ವಾರವಿಡೀ ಹೀಗೇ ಅಂತ ಕೆಳಗೆ ಅಕ್ಷರಗಳು ಓಡಿದವು. ಅವನು ಗಟ್ಟಿಯಾಗಿ ಎರಡು ಸಲ ಓದಿದ. ಓದಿ, ಅಲ್ಲೇ ಕೂತ.

ಅವ್ವ ಬಂದು ನೋಡಿದರೆ ತೊಡೆ ತಟ್ಟುವ ಗಂಡಸರು. ನಾಮಕರಣ ಇನ್ನೂ ಆಗಿಲ್ಲವೆಂದು ಪಕ್ಕದ ಮನೆಯವರು ಹೇಳಿದ ಮೇಲೆ ಅವಳಿಗೆ ಉಸಿರು ಬಂತು. ಉಸಿರು ಬಂದಮೇಲೆ ಬೈಗುಳವೂ ಬಂತು. “ಚಾನೆಲ್ ತಬ್ಕೊಂಡು ಕೂತ್ಕೋತಾರೇನೋ? ತಾವರೆ ಹಿಂದೆ ಹೋಗಬೇಕು ಕಣೋ. ಅವಳು ಎಲ್ಲಿ ಹೋದ್ರೆ ಅಲ್ಲಿಗೆ.”

ಮಂಗಳವಾರ ತಾವರೆಯ ಹಿಂದೆ ಹೊರಟ. ಕಬಡ್ಡಿ ಬಂದದ್ದೇ ತಡ, ಒಂದರಿಂದ ಶುರುಮಾಡಿ ಒಂದೊಂದೇ ಚಾನೆಲ್ ದಾಟಿದ. ಆರರಲ್ಲಿ ತಾವರೆ ಸೋಪು ಹಚ್ಚಿ ಮುಖ ತೊಳೆಯುತ್ತಿದ್ದಳು, ಹಿಡಿದ. ಒಂಬತ್ತರಲ್ಲಿ ದೋಸೆ ಸ್ಪರ್ಧೆಗೆ ತೀರ್ಪು ಕೊಡುತ್ತಿದ್ದಳು. ಅಲ್ಲಿ ಕೂತವಳು ಏಳಲೇ ಇಲ್ಲ, ಅವನೂ ಏಳಲಿಲ್ಲ.

“ಮುಕ್ಕಾಲು ಗಂಟೆ ದೋಸೆ ತಿಂದ್ಲು ಅವ್ವ. ಒಂದು ತುತ್ತೂ ಬಿಟ್ಟಿಲ್ಲ ನಾನು.”

ಪುಟ್ಟಚೆನ್ನಮ್ಮ ಹಣೆ ಚಚ್ಚಿಕೊಂಡಳು. ಪುಣ್ಯಕ್ಕೆ ಅವತ್ತೂ ನಾಮಕರಣ ಆಗಿರಲಿಲ್ಲ. ಕೇಬಲ್ಲಿನವನನ್ನು ಕೇಳಿಕೊಂಡು ಬಂದು ಹೊಸ ಪಾಠ ಹೇಳಿದಳು. “ಮುಖ ಬೇಡ, ಚಾನೆಲ್ ಬೇಡ. ಡಬ್ಬಿಯಲ್ಲಿ ಧಾರಾವಾಹಿ ಹೆಸರು ಒತ್ತಿಬಿಡು. ಅದು ಯಾವ ಚಾನೆಲ್ಲಿಗೆ ಹಾರಿದ್ರೂ ಡಬ್ಬಿಗೆ ತಾನಾಗೇ ಬಂದು ಸೇರ್ಕೊಳ್ಳುತ್ತೆ. ಆದ್ರೆ ಡಬ್ಬಿ ತುಂಬೋಗಿದೆ. ನೋಡಿದ್ದನ್ನ ನೋಡಿದ ಹಾಗೇ ಅಳಿಸ್ತಾ ಬಾ, ಮರೀಬೇಡ.”

ಬುಧವಾರ! ನಾಮಕರಣ ಬುಧವಾರವೇ! ಅರ್ಧ ಹನ್ನೆರಡರಲ್ಲಿ, ಅರ್ಧ ಹದಿನೈದರಲ್ಲಿ. ಡಬ್ಬಿ ಎರಡನ್ನೂ ಅಚ್ಚುಕಟ್ಟಾಗಿ ಹಿಡಿದಿತ್ತು. ಸುದ್ದಿ ಕೇಳಿದ ಅವ್ವ ಕೈಯ ಅರಗನ್ನೂ ತೊಳೆಯದೆ ಓಡಿಬಂದಳು.

ಮರಿಸಿದ್ದನ ಮುಖ ಊರಗಲ. ನಿನ್ನ ಗಿಲಕಿ ಎಷ್ಟು ಚೆನ್ನಾಗಿ ಕಾಣಿಸಿತು, ಮಗು ಅದನ್ನು ಬಾಯಿಗಿಟ್ಟುಕೊಂಡಿತು, ತಾವರೆ ಕಣ್ಣೊರೆಸಿಕೊಂಡಳು ಅಂತ ಎಲ್ಲಾ ವರದಿ ಒಪ್ಪಿಸಿದ.

“ಹಾಕೋ ಬೇಗ, ನಾನೂ ನೋಡ್ತೀನಿ.”

“ನೋಡಿದೆನಲ್ಲವ್ವ, ಅಳಿಸಿದೆ.”

ಆ ರಾತ್ರಿ ಅವಳು ಬೈಯಲಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದಳು. ಬೈಗುಳಕ್ಕಿಂತ ಅದೇ ಮರಿಸಿದ್ದನಿಗೆ ಹೆಚ್ಚು ಚುಚ್ಚಿತು.

ಬೆಳಿಗ್ಗೆ ಗೊತ್ತಾಯಿತು, ಭಾನುವಾರ ಸಂಜೆ ನಾಲ್ಕಕ್ಕೆ ಮರುಪ್ರಸಾರವಂತೆ. ಒಂದೇ ಸಲ. ಅವತ್ತೂ ಕಾರ್ಖಾನೆಯಲ್ಲಿ ತುರ್ತು ಕೆಲಸ. ಭಾನುವಾರ ಬೆಳಿಗ್ಗೆ ಹೊರಡುವಾಗ ಮಗನ ಗದ್ದ ಹಿಡಿದು ಹೇಳಿದಳು: “ನೀನು ನೋಡೂ ಬೇಡ, ಅಳಿಸೂ ಬೇಡ. ನಾನು ಬರೋ ತನಕ ಡಬ್ಬೀನ ಯಾರ ಕೈಗೂ ಸಿಗದ ಹಾಗೆ ಭದ್ರವಾಗಿ ಇಡು, ನಮ್ಮಪ್ಪ.”

ಸಂಜೆ ಐದಕ್ಕೆ ಪುಟ್ಟಚೆನ್ನಮ್ಮ ಒಬ್ಬಳೇ ಬರಲಿಲ್ಲ. ಕಾರ್ಖಾನೆಯ ಹನ್ನೊಂದು ಜನ ಹೆಂಗಸರನ್ನು ಕರೆದುಕೊಂಡು ಬಂದಳು. ಎಲ್ಲರೂ ಚಾಪೆ ಮೇಲೆ ಒತ್ತೊತ್ತಾಗಿ ಕೂತು ಟೀವಿ ಕಡೆ ನೋಡಿದರು. ಟೀವಿಯ ಕೆಳಗೆ ಬರಿಯ ವೈರುಗಳು ಜೋತಾಡುತ್ತಿದ್ದವು. ಮರಿಸಿದ್ದ ಮೂಲೆಯಲ್ಲಿ ಕಬ್ಬಿಣದ ಟ್ರಂಕಿನ ಮೇಲೆ ಕೂತಿದ್ದ, ಬೆಳಗಿನಿಂದ ಊಟವೂ ಇಲ್ಲದೆ.

“ಡಬ್ಬಿ ಎಲ್ಲೋ?”

“ಇಲ್ಲೇ ಇದೆ ಅವ್ವ, ಭದ್ರವಾಗಿ. ಕಂಬಳಿ ಸುತ್ತಿ ಇಟ್ಟಿದೀನಿ.”

“ವೈರು ಕಿತ್ತು ಟ್ರಂಕಲ್ಲಿ ಇಟ್ರೆ ಧಾರಾವಾಹಿ ಹೆಂಗೋ ಬರುತ್ತೆ?”

“ಹೆಸರು ಒತ್ತಿದೀನಲ್ಲ, ತಾನಾಗೇ ಬಂದು ಸೇರ್ಕೊಳ್ಳುತ್ತೆ ಅಂತ ನೀನೇ ಹೇಳಿದ್ದೆ. ದಾರಿಗಿರಲಿ ಅಂತ ನಾಲ್ಕು ಗಂಟೆಗೆ ಮುಚ್ಚಳ ಒಂಚೂರು ತೆಗೆದೂ ಇಟ್ಟಿದ್ದೆ.”

ಹನ್ನೊಂದು ಹೆಂಗಸರೂ ಸೆರಗು ಬಾಯಿಗಿಟ್ಟುಕೊಂಡರು. ಪುಟ್ಟಚೆನ್ನಮ್ಮನ ಕೈ ಹಣೆಯ ಕಡೆ ಹೊರಟಿತು. ಅಷ್ಟರಲ್ಲಿ ಮರಿಸಿದ್ದ ಟ್ರಂಕು ತೆಗೆದ, ಕಂಬಳಿ ಬಿಚ್ಚಿದ. ವೈರು ಕೀಳುವಾಗ ಎರಡು ಸಲ ಕೈಜಾರಿ ಬಿದ್ದಿದ್ದ ಆ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ, ಅವ್ವನ ಕಿವಿಯ ಹತ್ತಿರ ಮೆಲ್ಲಗೆ ಅಲ್ಲಾಡಿಸಿದ.

ಗಿಲ್, ಗಿಲ್, ಗಿಲ್.

“ಕೇಳಿಸ್ತಾ ಅವ್ವ? ನಿನ್ನ ಗಿಲಕಿ ಬಂದಿದೆ!”